ವೈದ್ಯಕೀಯ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರೀಯ ವರದಿ

ವೈದ್ಯಕೀಯ ಸಂಶೋಧನೆಯಲ್ಲಿ ಸಂಖ್ಯಾಶಾಸ್ತ್ರೀಯ ವರದಿ ಎಂದರೆ ಅಧ್ಯಯನದಲ್ಲಿ ಎಷ್ಟು ಜನರಿದ್ದರು, ದತ್ತಾಂಶವನ್ನು ಹೇಗೆ ವಿಶ್ಲೇಷಿಸಲಾಯಿತು, ಫಲಿತಾಂಶ ಎಷ್ಟು ಖಚಿತ ಎಂಬುದರ ಲಿಖಿತ ವಿವರಣೆ. ವಿಶ್ಲೇಷಣೆ ಸರಿಯಾಗಿದ್ದರೂ ವರದಿ ಅಪೂರ್ಣವಾಗಿದ್ದರೆ ಓದುಗರು ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ.

ಸಾಪೇಕ್ಷ ಮತ್ತು ನಿರಪೇಕ್ಷ ಅಪಾಯ

ಎರಡು ಗುಂಪುಗಳ ಅಪಾಯದ ಅನುಪಾತವನ್ನು ಸಾಪೇಕ್ಷ ಅಪಾಯವೆಂದೂ, ಒಂದು ಗುಂಪಿನಲ್ಲಿ ಎಷ್ಟು ಮಂದಿಗೆ ತೊಂದರೆಯಾಗುತ್ತದೆ ಎಂಬ ಪ್ರಮಾಣವನ್ನು ನಿರಪೇಕ್ಷ ಅಪಾಯವೆಂದೂ ಕರೆಯುತ್ತಾರೆ. ಮೊದಲನೆಯದನ್ನು ಮಾತ್ರ ತಿಳಿಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು, ಮೂರನೆಯ ತಲೆಮಾರಿನ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ವಾಸ್ತವವಾಗಿ, ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗಿದ್ದ ಅಪಾಯ ಇಬ್ಬರಿಗೆ ಏರಿತ್ತು. ಗಾಬರಿಗೊಂಡ ಅನೇಕರು ಮಾತ್ರೆ ಸೇವನೆಯನ್ನು ನಿಲ್ಲಿಸಿದರು. ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚುವರಿಯಾಗಿ ನಡೆದವು. ರಕ್ತ ಹೆಪ್ಪುಗಟ್ಟುವ ಅಪಾಯವು ಈ ಮಾತ್ರೆಗಳಿಗಿಂತ ಗರ್ಭಾವಸ್ಥೆಯಲ್ಲಿಯೇ ಅಧಿಕ.

ಮಾರ್ಗಸೂಚಿಗಳು

ಚಿಕಿತ್ಸಾ ಪ್ರಯೋಗಗಳ ವರದಿಗಾಗಿ ಕನ್ಸಾರ್ಟ್ ಮಾರ್ಗಸೂಚಿಯು 1996ರಲ್ಲಿಯೂ, ವೀಕ್ಷಣಾ ಅಧ್ಯಯನಗಳಿಗಾಗಿ ಸ್ಟ್ರೋಬ್ ಮಾರ್ಗಸೂಚಿಯು 2007ರಲ್ಲಿಯೂ ಪ್ರಕಟವಾದವು. ಸೂಕ್ತವೆನಿಸಿದಲ್ಲಿ ಸಾಪೇಕ್ಷ ಅಪಾಯವನ್ನು ನಿರ್ದಿಷ್ಟ ಕಾಲಾವಧಿಯ ನಿರಪೇಕ್ಷ ಅಪಾಯವಾಗಿ ಪರಿವರ್ತಿಸಿ ತೋರಿಸುವುದು ಸ್ಟ್ರೋಬ್‌ನ 22 ಅಂಶಗಳ ಪಟ್ಟಿಯಲ್ಲಿ ಸೇರಿದೆ.