ಗಾಯವಿಲ್ಲದ ನೋವು, ಮಿದುಳಿನಲ್ಲಿ ಮದ್ದು

ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿ, ಕಿರುಬೆರಳಿನವರೆಗೂ ಜುಂ ಎಂದು ಮಿಂಚು ಹರಿದ ಅನುಭವ ನಿಮಗೆಲ್ಲ ಆಗಿರಬೇಕು. ಪೆಟ್ಟು ಬಿದ್ದದ್ದು ಮೊಣಕೈಗೆ. ಬೆರಳೇಕೆ ಜುಮ್ಮೆನ್ನಬೇಕು? ಕಿರುಬೆರಳಿನ ಸುದ್ದಿಯನ್ನು ಹೊತ್ತೊಯ್ಯುವ ನರ ಮೊಣಕೈಯ ಬಳಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಆ ನರವನ್ನು ನಡುದಾರಿಯಲ್ಲಿ ತಟ್ಟಿದರೂ ಸುದ್ದಿ ಬೆರಳಿನಿಂದಲೇ ಬಂತೆಂದು ಮಿದುಳು ತಿಳಿಯುತ್ತದೆ.

ನಿಮ್ಮ ಜುಮ್ಮು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಕೆಲವರಿಗೆ ಅದು ವರ್ಷಗಟ್ಟಲೆ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆ, ಸರ್ಪಸುತ್ತು, ಬೆನ್ನುಹುರಿಗೆ ಬಿದ್ದ ಪೆಟ್ಟು, ಪಾರ್ಶ್ವವಾಯು ಇವುಗಳಿಂದ ನರವ್ಯೂಹವೇ ಕೆಟ್ಟು, ಇಲ್ಲದ ಗಾಯದ ಸುದ್ದಿಯನ್ನು ಕಳುಹಿಸುತ್ತಲೇ ಇರುತ್ತದೆ. ಉರಿ, ಚುಚ್ಚು, ಬಟ್ಟೆ ಸೋಕಿದರೂ ತಡೆಯಲಾರದ ಯಾತನೆ. ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕೈಕಾಲು ಕಳೆದುಕೊಂಡ ಸೈನಿಕರು ಇಲ್ಲದ ಕಾಲು ನೋಯುತ್ತದೆಂದು ನರಳುವುದನ್ನು ವೈದ್ಯ ಸೈಲಸ್ ವಿಯರ್ ಮಿಚೆಲ್ ಬರೆದಿಟ್ಟಿದ್ದಾನೆ. ಹೊರಗೆ ಗಾಯ ಕಾಣದ ಕಾರಣ ಇಂಥ ರೋಗಿಯನ್ನು ಮನೆಯವರೇ ಕೆಲವೊಮ್ಮೆ ನಂಬುವುದಿಲ್ಲ. ನೋವಿಗಿಂತ ಅದೇ ಹೆಚ್ಚು ನೋಯಿಸುತ್ತದೆಯೇನೋ! ಸಾಮಾನ್ಯ ನೋವಿನ ಮಾತ್ರೆ ಇಲ್ಲಿ ಅಷ್ಟಾಗಿ ನಾಟುವುದಿಲ್ಲ. ಮೂರ್ಛೆರೋಗಕ್ಕೂ ಖಿನ್ನತೆಗೂ ಕೊಡುವ ಕೆಲವು ಔಷಧಿಗಳನ್ನು ವೈದ್ಯರು ಕೊಡುತ್ತಾರೆ. ಅವೂ ಎಲ್ಲರಿಗೂ ಸಾಲುವುದಿಲ್ಲ.

ಹಾಗಾದರೆ ಸುದ್ದಿ ತಲಪುವ ಮಿದುಳನ್ನೇ ತಿದ್ದಬಹುದೇ? 1991ರಲ್ಲಿ ಜಪಾನಿನ ಶಸ್ತ್ರವೈದ್ಯ ತ್ಸುಬೊಕಾವಾ ಮತ್ತು ಸಂಗಡಿಗರು ಪಾರ್ಶ್ವವಾಯುವಿನ ನಂತರ ನೋವಿನಿಂದ ಬಳಲುವವರ ತಲೆಬುರುಡೆಯ ಒಳಗೆ, ಮಿದುಳಿನ ಹೊದಿಕೆಯ ಮೇಲೆ ವಿದ್ಯುದ್ವಾರಗಳನ್ನಿರಿಸಿ ಚೋದಿಸಿದರು. ಸ್ಪರ್ಶವನ್ನರಿಯುವ ಪಟ್ಟಿಯಲ್ಲಿ ಫಲ ಸಿಗಬೇಕೆಂದು ನೀವು ಊಹಿಸುವಿರಿ. ಫಲ ಸಿಕ್ಕಿದ್ದು ಅದರ ಮುಂದಿನ ಪಟ್ಟಿಯಲ್ಲಿ, ಎಂದರೆ ಸ್ನಾಯುಗಳಿಗೆ ಆಜ್ಞೆ ಕೊಡುವ ಚಾಲಕ ಪ್ರದೇಶದಲ್ಲಿ!

ತಲೆ ತೆರೆಯದೆಯೂ ಇದನ್ನು ಮಾಡಬಹುದು. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆಂಬ ಫ್ಯಾರಡೆಯ 1831ರ ಪ್ರಯೋಗ ನಿಮ್ಮ ಭೌತಶಾಸ್ತ್ರದ ಪಾಠದಲ್ಲಿದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ತಂಡ ಅದೇ ತತ್ತ್ವದ ಮೇಲೆ, ನೆತ್ತಿಯ ಮೇಲೆ ಹಿಡಿದ ತಂತಿಸುರುಳಿಯಿಂದ ಮಿದುಳನ್ನು ಚೋದಿಸಿ ತೋರಿಸಿತು. ಕಾಂತಕ್ಷೇತ್ರಕ್ಕೆ ಮೂಳೆ ಅಡ್ಡಿಯಲ್ಲ.

ಇಂದು ಚಿಕಿತ್ಸೆ ಹೀಗಿರುತ್ತದೆ. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂರುತ್ತಾನೆ. ಸುರುಳಿಯ ಟಕಟಕ ಸದ್ದು ಜೋರಾದ್ದರಿಂದ ಕಿವಿಗೆ ಬೆಣೆ. ಬಲಗೈ ನೋವಾದರೆ ಸುರುಳಿ ಎಡಗಡೆಗೆ. ಶಕ್ತಿಯನ್ನು ಮೆಲ್ಲನೆ ಏರಿಸಿದಂತೆ ಒಂದು ಹಂತದಲ್ಲಿ ಬಲಗೈಯ ಹೆಬ್ಬೆರಳು ತಾನಾಗಿ ಅದುರುತ್ತದೆ. ವೈದ್ಯರಿಗೆ ಅದೇ ಅಳತೆಗೋಲು. ಅದಕ್ಕಿಂತ ತುಸು ಕಡಿಮೆ ಶಕ್ತಿಯಲ್ಲಿ, ಸಾಮಾನ್ಯವಾಗಿ ಸೆಕೆಂಡಿಗೆ 10ರಂತೆ ಮಿಡಿತಗಳನ್ನು ಕೊಡುತ್ತಾರೆ. ಅರಿವಳಿಕೆ ಬೇಡ.

ಆಜ್ಞೆ ಕೊಡುವ ಪ್ರದೇಶ ನೋವನ್ನು ತಗ್ಗಿಸುವುದು ಹೇಗೆ? ದೇಹವೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳಿಗೆ ಇದರಲ್ಲಿ ಪಾತ್ರವಿದೆ. ಅವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧಿಯನ್ನು ಆರೋಗ್ಯವಂತರಿಗೆ ಮೊದಲೇ ಕೊಟ್ಟಾಗ ಚೋದನೆಯ ಫಲ ಕುಗ್ಗಿತೆಂದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಪೂರ್ಣ ಉತ್ತರ ಇನ್ನೂ ಬಂದಿಲ್ಲ.

ನಂಬಿಕೆಯಿಂದಲೇ ನೋವು ತಗ್ಗುವುದೂ ಉಂಟು. ಆದ್ದರಿಂದ ಸಂಶೋಧಕರು ಕೆಲವರಿಗೆ ಬರೀ ಸದ್ದು ಮಾಡುವ ಹುಸಿ ಸುರುಳಿ ಇಟ್ಟು ಹೋಲಿಸುತ್ತಾರೆ. ಅದನ್ನು ಕಳೆದ ಮೇಲೂ ಹಲವರಲ್ಲಿ ಉಪಶಮನ ಉಳಿಯುತ್ತದೆ, ಎಲ್ಲರಲ್ಲೂ ಅಲ್ಲ. ನೋವು ಪೂರ್ತಿ ಹೋಗುವುದು ಅಪರೂಪ. ಕೆಲವು ದಿನಗಳಲ್ಲಿ ಅಥವಾ ವಾರಗಳಲ್ಲಿ ಫಲ ಕರಗುವುದರಿಂದ ಮತ್ತೆ ಮತ್ತೆ ಬಂದು ಕೂರಬೇಕು. ತಲೆಯೊಳಗೆ ಲೋಹದ ಕ್ಲಿಪ್ ಇದೆಯೇ, ಹಿಂದೆ ಫಿಟ್ಸ್ ಬಂದಿತ್ತೇ ಎಂದು ಮೊದಲೇ ಕೇಳುತ್ತಾರೆ. ಏಕೆಂದರೆ ವಿರಳವಾಗಿಯಾದರೂ ಚೋದನೆಯಿಂದಲೇ ಫಿಟ್ಸ್ ಬಂದದ್ದುಂಟು.