ಜಾತ್ರೆಯಲ್ಲಿ, ಧ್ವಜಾರೋಹಣದಲ್ಲಿ ಪ್ರತಿಭಟಿಸಬಹುದೇ?

ಜಡೆ ಹೋಬಳಿಯವರಿಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮದೇ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರ ಮಾರ್ಚ್‌ನಲ್ಲಿ ರೇಣುಕಾಂಬೆಯ ಜಾತ್ರೆ ನಡೆದಿತ್ತು. ವರದಾ ನದಿಯಲ್ಲಿ ಮಿಂದು, ಮೈಮೇಲೆ ಬಟ್ಟೆಯಿಲ್ಲದೆ ಗುಡ್ಡದ ಗುಡಿಗೆ ಬರುವುದು ಅಲ್ಲಿನ ಹರಕೆಯಾಗಿತ್ತು. ಆ ಬೆತ್ತಲೆ ಸೇವೆ ಬೇಡವೆಂದು ಹೇಳಲು ದಲಿತ ಸಂಘರ್ಷ ಸಮಿತಿಯವರೂ ಇತರರೂ ಹೋಗಿದ್ದರು. ಜನ ತಿರುಗಿಬಿದ್ದರು. ಕಾರ್ಯಕರ್ತರನ್ನಷ್ಟೇ ಅಲ್ಲ, ಪೊಲೀಸರನ್ನೂ ಹೊಡೆದು, ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಆ ಘಟನೆಯ ನಂತರ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ವಿರೋಧಿಸಲು ಹೋದವರ ಮಾತೇ ಸರಿಯಿತ್ತು. ಅವರಿಗೂ ಭಕ್ತರಿಗೂ ನಡುವೆ ನಿಲ್ಲಬೇಕಾದ ಬಂದೋಬಸ್ತು ಸಾಲಲಿಲ್ಲ.

ಸಂವಿಧಾನದ 19ನೇ ವಿಧಿ ಮಾತಾಡುವ, ಆಯುಧವಿಲ್ಲದೆ ಶಾಂತವಾಗಿ ಸೇರುವ ಹಕ್ಕು ಕೊಟ್ಟಿದೆ. ಜಾತ್ರೆ ಇದೆ, ಮಂತ್ರಿ ಬರುತ್ತಾರೆ ಎಂಬುದರಿಂದ ಅದು ಇಲ್ಲವಾಗುವುದಿಲ್ಲ. ಸಾರ್ವಜನಿಕ ರಸ್ತೆಯ ಸಭೆಗೆ ಪೊಲೀಸರು ನಿಯಮ ಹಾಕಬಹುದೇ ಹೊರತು ಮನಸ್ಸಿಗೆ ಬಂದಂತೆ ನಿರಾಕರಿಸುವಂತಿಲ್ಲ ಎಂದು ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಗೆರೆಯೊಂದಿದೆ. ಕಾನೂನುಬದ್ಧವಾಗಿ ನಡೆಯುತ್ತಿರುವ ಪೂಜೆಗೆ ಬೇಕೆಂದೇ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಮಿನಡಿ ಒಂದು ವರ್ಷದವರೆಗೆ ಸೆರೆಯಾಗಬಹುದು. ಶವಸಂಸ್ಕಾರಕ್ಕೆ ಸೇರಿದವರಿಗೆ ತೊಂದರೆ ಕೊಡುವುದೂ ಅಪರಾಧವೇ. ಆಗಸ್ಟ್ 15ರಂದು ತಾಲ್ಲೂಕು ಮೈದಾನದಲ್ಲಿ ರಾಷ್ಟ್ರಗೀತೆ ನಡೆಯುವಾಗ ಘೋಷಣೆ ಕೂಗಿ ಕೆಡಿಸಿದರೆ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಶಿಕ್ಷೆ. ಗೀತೆಗಿರುವುದು 52 ಸೆಕೆಂಡು. ಅಷ್ಟು ಹೊತ್ತು ಸುಮ್ಮನಿರುವುದರಿಂದ ಬಗರ್‌ಹುಕುಂ ಹಕ್ಕುಪತ್ರ ಕೇಳುವವರ ದನಿ ತಗ್ಗುವುದಿಲ್ಲ. ಗೌರವದಿಂದ ಎದ್ದು ನಿಂತು ಹಾಡದೇ ಇರುವುದು ಅಪರಾಧವಲ್ಲವೆಂದು ಕೇರಳದ ಮೂವರು ಶಾಲಾಮಕ್ಕಳ ಪ್ರಕರಣದಲ್ಲಿ, 1986ರಲ್ಲೇ, ತೀರ್ಪಾಗಿದೆ.

ನಿಷೇಧಾಜ್ಞೆ ಇದೆ ಎಂದು ಯಾರಾದರೂ ತಡೆದರೆ ಆದೇಶದ ಪ್ರತಿ ಕೇಳಿ. ಹಿಂದಿನ 144ನೇ ಸೆಕ್ಷನ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಆದೇಶ ಬರಹದಲ್ಲಿರಬೇಕು, ಕಾರಣ ಕಾಣಿಸಿರಬೇಕು. ಬೆಂಗಳೂರಿನಲ್ಲಿ 2019ರ ಡಿಸೆಂಬರ್‌ನಲ್ಲಿ ಹೊರಡಿಸಿದ್ದ ಇಂಥ ಆದೇಶವನ್ನು ಹೈಕೋರ್ಟ್ 2020ರ ಫೆಬ್ರವರಿಯಲ್ಲಿ ಕಾನೂನುಬಾಹಿರವೆಂದಿತು.

ತೇರು ಸಾಗುವ ದಾರಿ ಬಿಟ್ಟು, ಕಾಣುವಷ್ಟು ಹತ್ತಿರದ ಜಾಗ ಆರಿಸಿಕೊಳ್ಳಿ. ಕೈಬರಹದ ಫಲಕ, ಕಪ್ಪು ಪಟ್ಟಿ ಸಾಕು. ಹರಕೆ ಹೊತ್ತವರ ಮೈಮುಟ್ಟಿ ತಡೆಯಬೇಡಿ. ನಿಷೇಧಿತ ಆಚರಣೆಯನ್ನು ತಡೆಯುವುದು ಪೊಲೀಸರ, ಜಿಲ್ಲಾಡಳಿತದ ಕೆಲಸ. ಅದನ್ನು ಅವರಿಂದ ಮಾಡಿಸಲು ಮೊದಲೇ ದೂರು ಕೊಡಿ. ಪ್ರತಿಭಟನೆಯ ಅರ್ಜಿಯಲ್ಲಿ ಜಾಗ, ಹೊತ್ತು, ಅಂದಾಜು ಜನಸಂಖ್ಯೆ ಬರೆಯಿರಿ. ಠಾಣೆಗೆ ಹೋಗುವಾಗ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ, ಸಹಿ, ಮೊಹರು ಹಾಕಿಸಿಕೊಂಡೇ ಬನ್ನಿ.