ಒಂದು ಕೀಲಿ, ಒಂದು ಅಕ್ಷರ

ಮಕ್ಕಳೇ, ಆದೋನಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯನ್ನು ನೀವು ನೋಡಿರಬಹುದು. ಅಲ್ಲಿ ಗಣಕಯಂತ್ರದ ಮುಂದೆ ಕುಳಿತವರು ಕೀಲಿಗಳನ್ನು ಒತ್ತುತ್ತಾರೆ. ಕೀಲಿಗಳ ಮೇಲೆ ಇರುವುದು ಇಂಗ್ಲಿಷ್ ಅಕ್ಷರ. ಪರದೆಯ ಮೇಲೆ ಮೂಡುವುದು ಕನ್ನಡ ಅಕ್ಷರ! ಇದು ಹೇಗೆ?

ಕೀಲಿಯನ್ನು ಒತ್ತುವುದೆಂದರೆ ಗಣಕಯಂತ್ರಕ್ಕೆ ಒಂದು ಆಜ್ಞೆ ಕೊಟ್ಟಂತೆ. ಒಂದೇ ಆಜ್ಞೆಗೆ ಎಲ್ಲ ಕಡೆಯೂ ಒಂದೇ ಫಲ ದೊರೆಯಬೇಕು. ನಿಮ್ಮ ಶಾಲೆಯ ಗಂಟೆಯನ್ನೇ ನೋಡಿರಿ. ಉದ್ದ ಗಂಟೆ ಬಾರಿಸಿದರೆ ಶಾಲೆ ಬಿಟ್ಟಿತೆಂದು ಅರ್ಥ. ಒಂದು ದಿನ ಅದೇ ಗಂಟೆಯನ್ನು ಊಟಕ್ಕೆ ಬಾರಿಸಿದರೆ ಏನಾದೀತು? ಅರ್ಧ ಮಕ್ಕಳು ಚೀಲ ಹೊತ್ತು ಮನೆಗೆ ಹೊರಟಾರು!

ಹಿಂದೆ ಕನ್ನಡದ ತಂತ್ರಾಂಶಗಳಲ್ಲಿ ಇಂಥದೇ ಗೊಂದಲವಿತ್ತು. ಒಂದೊಂದರಲ್ಲಿ ಕೀಲಿಗಳ ಜೋಡಣೆ ಒಂದೊಂದು ಬಗೆ. ಒಂದನ್ನು ಕಲಿತವರು ಇನ್ನೊಂದರ ಮುಂದೆ ಕುಳಿತರೆ ಮತ್ತೆ ಮೊದಲಿನಿಂದ ಕಲಿಯಬೇಕಿತ್ತು.

ಕೆ. ಪಿ. ರಾವ್ ಅವರು ಒಂದು ಸುಲಭವಾದ ಜೋಡಣೆಯನ್ನು ರೂಪಿಸಿದರು. ಅದರಲ್ಲಿ ಕೆ ಕೀಲಿಗೆ ‘ಕ’ ಬರುತ್ತದೆ. ಶಿಫ್ಟ್ ಕೀಲಿಯ ಜೊತೆಗೆ ಒತ್ತಿದರೆ ‘ಖ’ ಬರುತ್ತದೆ. ಹಾಗೆಯೇ ಜಿ ಕೀಲಿಗೆ ‘ಗ’ ಮತ್ತು ‘ಘ’, ಬಿ ಕೀಲಿಗೆ ‘ಬ’ ಮತ್ತು ‘ಭ’. ಐ ಕೀಲಿಗೆ ‘ಇ’ ಮತ್ತು ‘ಈ’. ಅಲ್ಪಪ್ರಾಣಕ್ಕೆ ಶಿಫ್ಟ್ ಸೇರಿದರೆ ಮಹಾಪ್ರಾಣ, ಹ್ರಸ್ವಕ್ಕೆ ಸೇರಿದರೆ ದೀರ್ಘ. ನಿಯಮ ತಿಳಿದರೆ ಒಂದೊಂದು ಕೀಲಿಯನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಕರ್ನಾಟಕ ಸರಕಾರವು ಈ ಜೋಡಣೆಯನ್ನು ಒಪ್ಪಿಕೊಂಡಿತು. ‘ನುಡಿ’ ತಂತ್ರಾಂಶದಲ್ಲಿ ಇರುವುದು ಇದೇ.

ನಮ್ಮ ಭಾಗದಲ್ಲಿ ನೀವು ತೆಲುಗನ್ನೂ ಕಲಿಯುತ್ತೀರಿ. ‘ಇನ್‌ಸ್ಕ್ರಿಪ್ಟ್’ ಎಂಬ ಇನ್ನೊಂದು ಜೋಡಣೆಯಿದೆ. ಇದರಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ತೆಲುಗಿನ ‘ಕ’ ಕೂಡ ಇದೆ. ಒಂದು ಭಾಷೆಗೆ ಬೆರಳು ಪಳಗಿದರೆ ಇನ್ನೊಂದು ಭಾಷೆಯೂ ಸುಲಭವಾಗುತ್ತದೆ.

ಆದರೆ ಕೀಲಿ ಮಾತ್ರ ಸರಿಯಾದರೆ ಸಾಲದು. ಗಣಕಯಂತ್ರವು ಅಕ್ಷರಗಳನ್ನು ಸಂಖ್ಯೆಗಳ ರೂಪದಲ್ಲಿ ನೆನಪಿಡುತ್ತದೆ. ಮೊದಲು ಈ ಸಂಖ್ಯೆಗಳೂ ಬೇರೆ ಬೇರೆಯಾಗಿದ್ದವು. ಆದ್ದರಿಂದ ಆದೋನಿಯಲ್ಲಿ ಬರೆದ ಪತ್ರವನ್ನು ಬಳ್ಳಾರಿಯಲ್ಲಿ ಬೇರೆ ತಂತ್ರಾಂಶದಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣಿಸುತ್ತಿದ್ದವು. 1991ರಲ್ಲಿ ‘ಯೂನಿಕೋಡ್’ ಎಂಬ ಪದ್ಧತಿಯ ಮೊದಲ ಆವೃತ್ತಿ ಬಂದಿತು. ಅದರಲ್ಲಿ ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221. ಈ ಪದ್ಧತಿಯನ್ನು ಬಳಸುವ ಯಾವ ಯಂತ್ರದಲ್ಲಿಯೂ, ಯಾವ ದೇಶದಲ್ಲಿಯೂ ಅದು ಬದಲಾಗುವುದಿಲ್ಲ.

ಹೊಸ ನಿಯಮಕ್ಕೆ ಹೊಂದಿಕೊಳ್ಳಲು ಹಳೆಯ ಜೋಡಣೆ ಕಲಿತವರಿಗೆ ಕಷ್ಟವಾಗುತ್ತದೆ. ಆದರೂ ಎಲ್ಲರೂ ಒಂದೇ ನಿಯಮಕ್ಕೆ ಒಪ್ಪಿದರೆ ಮುಂದೆ ಕಲಿಯುವ ನಿಮಗೆ ದಾರಿ ಸುಗಮ.

ರಾವ್ ಅವರ ಜೋಡಣೆಯಲ್ಲಿ ಪಿ ಕೀಲಿಗೆ ‘ಪ’ ಬರುತ್ತದೆ. ಶಿಫ್ಟ್ ಜೊತೆಗೆ ಒತ್ತಿದರೆ ಯಾವ ಅಕ್ಷರ ಬಂದೀತು? ಯೋಚಿಸಿ ಹೇಳಿರಿ.